ಬೇತಾಳನ ಗುಡ್ಡ ಯಾರ ಪಾಲಿಗೆ?

(ಪುಣೆಯ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಸಭೆಯಲ್ಲಿ ಬಂದ ಒಂದೆರಡು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಒಂದು ಆಟದ ಬಗ್ಗೆ. ಡಬ್ಬಿ ಹುಡುಕುವ ಆಟ. ಪುಣೆಯನ್ನು ಸೀಮೆ ಸೀಮೆಯಾಗಿ ಹಂಚಿಕೊಂಡು, ಯಕ್ಷರು, ನಾಗರು, ಗಂಧರ್ವರು, ದೈತ್ಯರು ಅಂತ ನಾಲ್ಕು ರಾಜ್ಯ ಕಟ್ಟಿಕೊಂಡು ನಾವು ಕೆಲವರು ಆಡುತ್ತೇವೆ. ಐಟಿಯವರಿದ್ದಾರೆ, ಬ್ಯಾಂಕಿನವರಿದ್ದಾರೆ, ನಿವೃತ್ತ ಮೇಷ್ಟ್ರುಗಳಿದ್ದಾರೆ, ಕಾಲೇಜು ಹುಡುಗರಿದ್ದಾರೆ. ಹಿಂದಿನ ಸಾಲಿನಲ್ಲಿ ಕೂತು ಈಗ ನಗುತ್ತಿರುವವರಲ್ಲಿ ಇಬ್ಬರು ದೈತ್ಯರು. ನಗಲಿ ಬಿಡಿ. ಪಾಷಾಣ ಕೆರೆಯ ಸೀಮೆ ಕಳೆದುಕೊಂಡವರು ಅವರೇ.

ಈ ಆಟದ ಬಗ್ಗೆ ಕೇಳಿದವರೆಲ್ಲ ಕೇಳುವ ಪ್ರಶ್ನೆ ಒಂದೇ. ಡಬ್ಬಿ ಹುಡುಕಿ, ಬೇಡ ಅನ್ನುವುದಿಲ್ಲ, ಆದರೆ ಅದಕ್ಕೆ ಯಕ್ಷ, ನಾಗ, ಬೇತಾಳ ಎಲ್ಲ ಯಾಕೆ? ದೊಡ್ಡವರಿಗೆ ನಾಚಿಕೆ ಆಗುವುದಿಲ್ಲವಾ? ಆಗುವುದಿಲ್ಲ. ನಮ್ಮ ಆಟದಲ್ಲಿ ಕಥೆ ಇರುವುದು ನಿಯಮ ಹೊರುವುದಕ್ಕೆ. ಸುಮ್ನೆ ಹೇಳಿದರೆ ಯಾರೂ ಪಾಲಿಸದ ನಿಯಮವನ್ನು ಕಥೆಯ ಬೆನ್ನಿಗೆ ಕಟ್ಟಿದರೆ ಎಲ್ಲರೂ ಪಾಲಿಸುತ್ತಾರೆ. ಅದು ಹೇಗೆ ಅಂತ ತೋರಿಸುವುದಕ್ಕೇ ಇವತ್ತು ಬಂದಿದ್ದೇನೆ.

ಮೊದಲು ಮೂಲ ಆಟ. ಇದಕ್ಕೆ ಜಿಯೋಕ್ಯಾಶಿಂಗ್ ಅನ್ನುತ್ತಾರೆ. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಎಲ್ಲರಿಗೂ ತಿಳಿಸುತ್ತಾರೆ. ಹುಡುಕಿದವರು ಒಳಗಿನ ಪುಸ್ತಕದಲ್ಲಿ ರುಜು ಹಾಕಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಅಷ್ಟೇ.

ಇದು ಹುಟ್ಟಿದ ಬಗೆ ಮಜವಾಗಿದೆ. 2000ನೇ ಇಸವಿಯವರೆಗೆ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಜನರಿಗೆ ಕೊಡುತ್ತಿತ್ತು. ಸೇನೆಗೆ ಶುದ್ಧ, ಉಳಿದವರಿಗೆ ಕಲಬೆರಕೆ. ನೀವು ನಿಂತ ಜಾಗವನ್ನು ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. ಆ ವರ್ಷ ಮೇ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಇದನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಆ ರಾತ್ರಿಯೇ ನಿಂತಿತು. ಮೇ 3ರಂದು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಡೇವ್ ಅಲ್ಮರ್ ಎಂಬುವರು ಒಂದು ಕಪ್ಪು ಬಕೆಟ್ ಅರ್ಧ ಹೂತಿಟ್ಟು, ಜಾಗದ ಅಂಕಿಗಳನ್ನು ಅಂತರ್ಜಾಲದಲ್ಲಿ ಹಾಕಿದರು. ಒಳಗೆ ಪುಸ್ತಕ, ಸಾಫ್ಟ್‌ವೇರ್, ಒಂದು ಕವಣೆ, ಒಂದು ಡಬ್ಬಿ ಬೀನ್ಸ್. ಮೂರು ದಿನದೊಳಗೆ ಇಬ್ಬರು ಅದನ್ನು ಹುಡುಕಿಬಿಟ್ಟರು. ಈಗ ಜಾಗದ ಒಡೆಯರ ಒಪ್ಪಿಗೆ ಇಲ್ಲದೆ ನೆಲ ಅಗೆದು ಡಬ್ಬಿ ಹೂಳುವ ಹಾಗಿಲ್ಲ, ತಿನ್ನುವ ವಸ್ತು ಇಡುವ ಹಾಗಂತೂ ಇಲ್ಲ. ಅಂದರೆ ಮೊಟ್ಟಮೊದಲ ಡಬ್ಬಿಯನ್ನೇ ಇವತ್ತು ತಿರಸ್ಕರಿಸುತ್ತಾರೆ!

ಇವತ್ತು ಜಗತ್ತಿನಲ್ಲಿ 30 ಲಕ್ಷಕ್ಕೂ ಜಾಸ್ತಿ ಡಬ್ಬಿಗಳಿವೆ. ಒಂದರಿಂದ ಇನ್ನೊಂದಕ್ಕೆ ಕಡಿಮೆ ಅಂದರೆ 161 ಮೀಟರ್ ಇರಬೇಕು. ಒಂದೊಂದು ಡಬ್ಬಿಗೂ ಎರಡು ಅಂಕ ಇರುತ್ತದೆ. ಹುಡುಕುವುದು ಎಷ್ಟು ಕಷ್ಟ, ನಡೆಯುವ ದಾರಿ ಎಷ್ಟು ಕಷ್ಟ. ಎರಡೂ ಒಂದರಿಂದ ಐದರವರೆಗೆ.

ಜಾಗದ ಅಂಕಿಯ ಬಗ್ಗೆಯೂ ಎರಡು ಮಾತು ಹೇಳಬೇಕು, ಮುಂದೆ ಬೇಕಾಗುತ್ತದೆ. ಪುಣೆ ಇರುವುದು ಸುಮಾರು 18 ಡಿಗ್ರಿ 31 ಮಿನಿಟ್ ಉತ್ತರ, 73 ಡಿಗ್ರಿ 51 ಮಿನಿಟ್ ಪೂರ್ವ. ಅಕ್ಷಾಂಶದ ಒಂದು ಮಿನಿಟ್ ಅಂದರೆ ನೆಲದ ಮೇಲೆ 1.85 ಕಿಲೋಮೀಟರ್. ಮಿನಿಟಿನ ನಂತರ ಮೂರು ದಶಾಂಶ ಬರೆಯುತ್ತೇವೆ. ಆ ಮೂರನೇ ಅಂಕಿ ಒಂದು ಹೆಚ್ಚಾದರೆ ನೀವು ಎರಡು ಮೀಟರಿಗಿಂತ ಸ್ವಲ್ಪ ಕಡಿಮೆ ಸರಿದಿರಿ ಅಂತ. ಬಯಲಿನಲ್ಲಿ ನಮ್ಮ ಫೋನು ಐದು ಮೀಟರಿನೊಳಗೆ ಜಾಗ ಹಿಡಿಯುತ್ತದೆ. ಕಸಬಾ ಪೇಟೆಯ ಗಲ್ಲಿಯಲ್ಲಿ ಹಾಗೆ ಆಗುವುದಿಲ್ಲ. 20,200 ಕಿಲೋಮೀಟರ್ ಮೇಲಿನ ಉಪಗ್ರಹದಿಂದ ಬಂದ ಸಂಕೇತ ಗೋಡೆಗೆ ತಗುಲಿ, ಸುತ್ತಿ ಬಳಸಿ ಬರುತ್ತದೆ. ಫೋನಿಗೆ ಅದು ದೂರದಿಂದ ಬಂದ ಹಾಗೆ ಕಾಣುತ್ತದೆ. ಬಾಣ ಒಮ್ಮೆ ವಾಡೆಯ ಒಳಗೆ ತೋರಿಸುತ್ತದೆ, ಒಮ್ಮೆ ಎದುರಿನ ಮಿಸಳ್ ಅಂಗಡಿಗೆ.

ಸರಿ, ಈಗ ಸೀಮೆ ಹಿಡಿಯುವ ಆಟಗಳಿಗೆ ಬರೋಣ. 2012ರಲ್ಲಿ ಇಂಗ್ರೆಸ್ ಅಂತ ಒಂದು ಫೋನಿನ ಆಟ ಬಂತು. ಇಲ್ಲಿ ಕೆಲವರು ಆಡಿರಬಹುದು. ಹಸಿರು ಬಣದವರು, ನೀಲಿ ಬಣದವರು. ಊರಿನ ಗುಡಿ, ಪ್ರತಿಮೆ, ಹಳೇ ಕಟ್ಟಡಗಳೆಲ್ಲ ಅದರಲ್ಲಿ ದ್ವಾರಗಳು. ಮೂರು ದ್ವಾರ ಜೋಡಿಸಿದರೆ ತ್ರಿಕೋನ, ತ್ರಿಕೋನದ ಒಳಗಿನ ನೆಲ ನಿಮ್ಮ ಬಣದ್ದು. ಯಾರೂ ಗಮನಿಸದೆ ಬಿಟ್ಟರೆ ಒಂದು ವಾರದಲ್ಲಿ ದ್ವಾರದ ಬಲ ಕರಗಿ ಹೋಗುತ್ತದೆ. ಬಹಳ ಚೆನ್ನಾಗಿ ಯೋಚಿಸಿದ ಆಟ. ನನ್ನ ತಕರಾರು ಒಂದೇ. ಅಷ್ಟು ದೂರ ನಡೆದು ಹೋಗಿ ಕೊನೆಗೆ ಮುಟ್ಟುವುದು ಫೋನಿನ ಗಾಜನ್ನೇ.

ನಮಗೆ ಡಬ್ಬಿಯೂ ಬೇಕು, ಸೀಮೆಯೂ ಬೇಕು. ಆದರೆ ಇವೆರಡಕ್ಕೂ ಹುಟ್ಟಾ ಜಗಳ. ಯೋಚಿಸಿ ನೋಡಿ. ಜಿಯೋಕ್ಯಾಶ್ ಅಂದರೆ ಒಮ್ಮೆ ಹುಡುಕಿದರೆ ಮುಗಿಯಿತು. ಎಲ್ಲಿದೆ ಅಂತ ಗೊತ್ತಾದ ಡಬ್ಬಿಯನ್ನು ಮತ್ತೆ ಯಾರು ಹುಡುಕುತ್ತಾರೆ? ಸೀಮೆ ಆಟದ ಜೀವ ಇರುವುದು ಮಾತ್ರ ಮತ್ತೆ ಮತ್ತೆ ಅಲ್ಲಿಗೇ ಹೋಗುವುದರಲ್ಲಿ. ಹಿಡಿಯಬೇಕು, ಕಳೆದುಕೊಳ್ಳಬೇಕು, ಮತ್ತೆ ಹಿಡಿಯಬೇಕು. ಸೀಮೆಯ ಡಬ್ಬಿಯಲ್ಲಿ ಕೊನೆಗೆ ರುಜು ಹಾಕಿದವರದ್ದೇ ಆ ಸೀಮೆ ಅಂತ ಮಾಡಿದರೆ ಬೈಕ್ ಇರುವ, ಕೆಲಸ ಕಡಿಮೆ ಇರುವ ಒಬ್ಬ ಹುಡುಗ ಬೆಳಿಗ್ಗೆ ಆರಕ್ಕೆ ಹೊರಟು ತಿಂಡಿಯ ಹೊತ್ತಿಗೆ ಅರ್ಧ ಪುಣೆ ಗೆದ್ದು ಬರುತ್ತಾನೆ. ಜಾಸ್ತಿ ರುಜು ಇದ್ದವರದ್ದು ಅಂತ ಮಾಡಿದರೆ ದೊಡ್ಡ ತಂಡ ಮೊದಲೇ ಗೆದ್ದಿರುತ್ತದೆ.

ನಮ್ಮ ಪರಿಹಾರ ಒಂದು ಸಾಲಿನದ್ದು. ಸೀಮೆ ಕೊನೆಯ ರುಜುವಿನದ್ದೇ, ಆದರೆ ಒಬ್ಬರ ರುಜು ಒಂದು ಡಬ್ಬಿಗೆ ಒಂದು ಸುತ್ತಿನಲ್ಲಿ ಒಂದೇ ಸಲ. ಯುಗಾದಿಯಿಂದ ದಸರೆಗೆ ಒಂದು ಸುತ್ತು, ದಸರೆಯಿಂದ ಯುಗಾದಿಗೆ ಇನ್ನೊಂದು. ನೀವು ಹೋಗಿ ಒಂದು ಸೀಮೆ ಹಿಡಿದಿರಿ. ಮಾರನೇ ದಿನ ನಾಗರು ಬಂದು ಕಿತ್ತುಕೊಂಡರು. ಈಗ ನೀವು ಎಷ್ಟೇ ಗಟ್ಟಿಗರಾಗಿರಿ, ಆ ಸೀಮೆಗೆ ನಿಮ್ಮ ಕೈ ಮುಗಿಯಿತು. ಆ ಡಬ್ಬಿ ಇನ್ನೂ ನೋಡದ ಬೇರೆ ಒಬ್ಬರನ್ನು ಕಳಿಸಬೇಕು. ಎಂಟು ಜನರ ತಂಡಕ್ಕೆ ಒಂದು ಸೀಮೆಯಲ್ಲಿ ಎಂಟೇ ಉಸಿರು. ಹೋಗುವವರಿಗೆ ಜಾಗ ಹೇಳಿಕೊಡುವ ಹಾಗಿಲ್ಲ, ಅಂಕಿ ಮಾತ್ರ ಕೊಡಬೇಕು. ಹಾಗಾಗಿ ಹುಡುಕುವ ಸುಖ ಪ್ರತಿಯೊಬ್ಬರಿಗೂ ಹೊಸದಾಗಿಯೇ ಸಿಗುತ್ತದೆ.

ಇದರಿಂದ ಆದದ್ದೇನು ಅಂದರೆ, ಓಡುವ ಹುಡುಗರ ಬೆಲೆ ಇಳಿಯಿತು, ಮನೆಯಲ್ಲಿ ಕೂತವರ ಬೆಲೆ ಏರಿತು. ಸುತ್ತಿನ ಕೊನೆಕೊನೆಗೆ ಎಲ್ಲರ ರುಜುವೂ ಮುಗಿದಿರುತ್ತದೆ. ಆಗ "ಅಮ್ಮಾ, ಪ್ಲೀಸ್, ಕೊಥ್ರೂಡ್ ಡಿಪೋ ತನಕ ಬಾ" ಅಂತ ಗೋಗರೆಯುವ ಮಗನನ್ನು ನೋಡಬೇಕು ನೀವು.

ಒಂದು ಉದಾಹರಣೆ. ವೇತಾಳ ಟೇಕಡಿ ನಿಮಗೆಲ್ಲ ಗೊತ್ತು. ಊರೊಳಗಿನ ಅತಿ ಎತ್ತರದ ಗುಡ್ಡ. ನೆತ್ತಿಯ ಮೇಲೆ ವೇತಾಳನ ಗುಡಿ, ಅಂದರೆ ನಮ್ಮ ಬೇತಾಳನೇ. ಪಕ್ಕದಲ್ಲಿ ಕೆಲಸ ನಿಂತ ಹಳೇ ಕಲ್ಲುಕ್ವಾರಿ. ಮಳೆ ಶುರುವಾದರೆ ಅದರ ತಳದಲ್ಲಿ ನೀರು ನಿಲ್ಲುತ್ತದೆ. ಕ್ವಾರಿಯ ಸೀಮೆ ದೈತ್ಯರ ಕೈಯಲ್ಲಿತ್ತು. ನಾನು ಯಕ್ಷರ ಕಡೆ. ನಮ್ಮಲ್ಲಿ ರುಜು ಬಾಕಿ ಇದ್ದವರು ಒಬ್ಬರೇ, ಧಾರವಾಡದ ಅಕ್ಕೋರು. ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿ ಮಗಳ ಮನೆಗೆ ಬಂದು ಇರುವವರು. ಸಣ್ಣ ಮಳೆ ಹನಿಯುತ್ತಿತ್ತು. ನಾನು ದೂರದಲ್ಲಿ ನಿಂತಿದ್ದೆ. ಮಾತಾಡುವ ಹಾಗಿಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕ್ವಾರಿಯ ಗೋಡೆಯ ಪಕ್ಕ ಫೋನು ಹುಚ್ಚು ಹಿಡಿದ ಹಾಗೆ ಆಡುತ್ತದೆ. ನಾಲ್ಕು ಮೀಟರ್ ಅನ್ನುತ್ತದೆ, ಒಂದು ಹೆಜ್ಜೆ ಇಟ್ಟರೆ ಹನ್ನೊಂದು ಅನ್ನುತ್ತದೆ. ಅಕ್ಕೋರು ಸ್ವಲ್ಪ ಹೊತ್ತು ಅದರ ಜೊತೆ ಗುದ್ದಾಡಿದರು. ಆಮೇಲೆ ಫೋನನ್ನು ಚೀಲಕ್ಕೆ ಹಾಕಿ, ಸೊಂಟದ ಮೇಲೆ ಕೈಯಿಟ್ಟು ಸುಮ್ನೆ ನಿಂತರು. ಮಳೆಗೆ ಕಲ್ಲುಗಳೆಲ್ಲ ಕಪ್ಪಾಗಿದ್ದವು, ಮೇಲೆ ತೆಳ್ಳಗೆ ಹಸಿರು ಹಬ್ಬಿತ್ತು. ಒಂದು ಕಡೆ ಮೂರು ಕಲ್ಲು ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಒಂದರ ಅಂಚಿನಲ್ಲಿ ಹಸಿರು ಇರಲಿಲ್ಲ. ಅಕ್ಕೋರು ಕೋಲಿನಿಂದ ಮೊದಲು ಅಲುಗಾಡಿಸಿದರು. ಬಿಲಕ್ಕೆ, ಸಂದಿಗೆ ನೇರ ಕೈ ಹಾಕುವ ಹಾಗಿಲ್ಲ, ಹಾವಿನ ಭಯ. ಆಮೇಲೆ ಕಲ್ಲು ಸರಿಸಿದರು. ಡಬ್ಬಿ ಅಲ್ಲೇ ಇತ್ತು. ಕೆಳಗೆ ಬಂದ ಮೇಲೆ ನನಗೆ ಹೇಳಿದರು: "ನೋಡಪಾ, ಆ ಕಲ್ಲು ತಾವ ಬಂದು ಹಂಗ ಕುಂತಿಲ್ಲ. ಯಾರೋ ಕುಂದ್ರಿಸ್ಯಾರ." ಈ ಆಟದಲ್ಲಿ ವರ್ಷಗಟ್ಟಲೆ ಪಳಗಿದವರು ಹೊಸಬರಿಗೆ ಹೇಳಿಕೊಡುವುದೂ ಇದನ್ನೇ. ಕೊನೆಯ ಹತ್ತು ಹೆಜ್ಜೆಗೆ ಫೋನು ಬಿಟ್ಟು ಕಣ್ಣು ಬಳಸಿ.

ಡಬ್ಬಿ ತೆರೆಯುವುದರಲ್ಲೂ ಒಂದು ಕ್ರಮ ಇದೆ. ಅಕ್ಕೋರು ಮೊದಲು ಸೆರಗಿನಲ್ಲಿ ಕೈ ಒರೆಸಿಕೊಂಡರು. ಡಬ್ಬಿಯನ್ನು ಕೊಡೆಯ ಕೆಳಗೆ ತಂದುಕೊಂಡರು. ರಬ್ಬರ್ ಸುತ್ತಿದ ಮುಚ್ಚಳ, ನಾಲ್ಕೂ ಕಡೆ ಕೊಂಡಿ. ಒಳಗೆ ಜಿಪ್ ಚೀಲ, ಚೀಲದೊಳಗೆ ಅಂಗೈ ಅಗಲದ ನೋಟುಪುಸ್ತಕ, ಒಂದು ಪೆನ್ಸಿಲ್, ಒಂದು ಶಾರ್ಪನರ್. ಪುಣೆಯ ಮಳೆಗಾಲದಲ್ಲಿ ಪೆನ್ನು ಕೆಲಸ ಮಾಡುವುದಿಲ್ಲ. ತೇವ ಹಿಡಿದ ಹಾಳೆಯ ಮೇಲೆ ಬರೆಯುವುದು ಪೆನ್ಸಿಲ್ ಮಾತ್ರ. ಒಂದು ಹನಿ ನೀರು ಒಳಗೆ ಬಿದ್ದರೂ ಎರಡು ವಾರದಲ್ಲಿ ಪುಸ್ತಕ ಬೂಸ್ಟು ಹಿಡಿಯುತ್ತದೆ. ಅವರು ದುಂಡಗಿನ ಅಕ್ಷರದಲ್ಲಿ ರುಜು ಹಾಕಿ, ಪಕ್ಕದಲ್ಲಿ "ದೈತ್ಯರಿಗೆ ಶರಣು" ಅಂತ ಬರೆದರು. ಅಷ್ಟರಲ್ಲಿ ವಾಕಿಂಗಿಗೆ ಬಂದ ಕಾಕಾ ಒಬ್ಬರು ನಿಂತು, "ಕಾಹೀ ಹರವಲಂ ಕಾ?" ಅಂತ ಕೇಳಿದರು. ಏನಾದರೂ ಕಳೆದುಕೊಂಡಿರಾ ಅಂತ. ಅಕ್ಕೋರು ಬಾಯಿ ಬಿಡದೆ ಥಟ್ಟನೆ ಕಣ್ಣಿನ ಕಡೆ ಬೆರಳು ತೋರಿಸಿದರು, ಚಷ್ಮಾ ಅಂತ. ಕನ್ನಡಕ ಮೂಗಿನ ಮೇಲೇ ಇತ್ತು. ಕಾಕಾ ಪಾಪ ಇನ್ನೊಂದು ಪ್ರಶ್ನೆ ಕೇಳದೆ ಹೋದರು.

ಈಗ ಮಾತಾಡಬಾರದು ಅನ್ನುವ ನಿಯಮಕ್ಕೆ ಬರುತ್ತೇನೆ.

ವಿಕ್ರಮನ ಹೆಗಲೇರಿದ ಬೇತಾಳನ ಕಥೆ ಯಾರಿಗೆ ಗೊತ್ತಿಲ್ಲ? ರಾಜ ಬಾಯಿಬಿಟ್ಟ ಕೂಡಲೇ ಬೇತಾಳ ಮತ್ತೆ ಮರಕ್ಕೆ ಹಾರುತ್ತದೆ. ನಮ್ಮ ಆಟದಲ್ಲಿ ಬೇತಾಳ ಯಾವ ರಾಜ್ಯಕ್ಕೂ ಸೇರಿಲ್ಲ. ಡಬ್ಬಿಯ ಹತ್ತಿರ ನಿಂತಾಗ ಯಾರಾದರೂ ಮಾತಾಡಿದರೆ, ಫೋನಿನಲ್ಲಾದರೂ ಸರಿ, ಬೇತಾಳ ಮರಕ್ಕೆ ಹೋಯಿತು ಅಂತ ಲೆಕ್ಕ. ಕೆಳಗಿಳಿದು ದಾರಿಯ ಮೊದಲಿಂದ ಬರಬೇಕು. ಇದರ ಹಿಂದಿನ ಕಾರಣ ಬಹಳ ಸರಳ. ಗಲಾಟೆ ಮಾಡಿದರೆ ಸುತ್ತಲಿನವರಿಗೆ ಜಾಗ ಗೊತ್ತಾಗುತ್ತದೆ. ಮಾರನೇ ದಿನ ಡಬ್ಬಿ ಗುಜರಿ ಅಂಗಡಿಯಲ್ಲಿರುತ್ತದೆ. ಟೇಕಡಿಯ ನವಿಲುಗಳಿಗೂ ನಮ್ಮ ಕಿರುಚಾಟ ಬೇಕಿಲ್ಲ. "ದಯವಿಟ್ಟು ನಿಶ್ಶಬ್ದ" ಅಂತ ಬರೆದಿದ್ದರೆ ಯಾರು ಕೇಳುತ್ತಿದ್ದರು? ಬೇತಾಳ ಅಂದ ಮೇಲೆ ಏಳು ವರ್ಷದ ಮಗು ಕೂಡ ತನ್ನ ಅಪ್ಪನ ಬಾಯಿಗೆ ಕೈ ಅಡ್ಡ ಇಡುತ್ತದೆ. ಡಬ್ಬಿಯನ್ನು ಇದ್ದಲ್ಲೇ, ಇದ್ದ ಹಾಗೇ ಇಡುವುದೂ ಇದೇ ಕಥೆಗೆ ಸೇರಿಕೊಂಡಿತು. ಬೇತಾಳ ತನ್ನ ಮರ ಬಿಟ್ಟು ಇನ್ನೊಂದು ಮರಕ್ಕೆ ಹೋಗುವುದಿಲ್ಲ.

ಇನ್ನೂ ಮುಖ್ಯವಾದದ್ದು ಕತ್ತಲೆಯ ನಿಯಮ. ಸೂರ್ಯ ಮುಳುಗಿದ ಮೇಲೆ ಎಲ್ಲ ಗುಡ್ಡಗಳೂ ಬೇತಾಳನ ಸ್ವತ್ತು. ಮುಳುಗಿದ ನಂತರ ಯಾರಾದರೂ ರುಜು ಹಾಕಿದರೆ ಆ ಸೀಮೆ ಒಂದು ವಾರ ಯಾರದ್ದೂ ಅಲ್ಲ, ಮೊದಲು ಹಿಡಿದಿದ್ದವರೂ ಕಳೆದುಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಕತ್ತಲು, ಜೂನಿನಲ್ಲಿ ಏಳು ಕಾಲರ ತನಕ ಬೆಳಕು. ಹಾಗಾಗಿ ಗಡಿಯಾರದ ಹೊತ್ತು ಬರೆದರೆ ಪ್ರಯೋಜನ ಇಲ್ಲ. ಕಾಗದದ ಮೇಲಿನ ನಿಯಮಕ್ಕೆ ನಮ್ಮ ಜನ ವಕೀಲರಾಗುತ್ತಾರೆ. ಟಾರ್ಚ್ ಇದೆಯಲ್ಲ, ಇಬ್ಬರಿದ್ದೇವಲ್ಲ, ಹತ್ತೇ ನಿಮಿಷ ಅಲ್ವಾ ಅಂತ. ಬೇತಾಳನ ಜೊತೆ ಯಾರೂ ವಾದ ಮಾಡುವುದಿಲ್ಲ. ನಿಮ್ಮನ್ನು ತಡೆಯುವವರು ನಿಮ್ಮ ತಂಡದವರೇ ಆಗುತ್ತಾರೆ, ಸೀಮೆ ಹೋಗುತ್ತದಲ್ಲ! ಕ್ವಾರಿಯ ಅಂಚಿನಲ್ಲಿ ಕತ್ತಲಲ್ಲಿ ಕಾಲು ಜಾರಿದರೆ ಏನಾಗುತ್ತದೆ ಅಂತ ನಾನು ಭಾಷಣ ಮಾಡುವುದು ತಪ್ಪಿತು.

ಮಳೆಗಾಲದ ನದಿಗೂ ಹೀಗೇ. ಖಡಕ್‌ವಾಸಲಾದಿಂದ ನೀರು ಬಿಟ್ಟರೆ ಭಿಡೆ ಪುಲ್ ಮುಳುಗುವುದನ್ನು ನೀವು ನೋಡಿಯೇ ಇರುತ್ತೀರಿ. ನಾಗರು ಪಾತಾಳದವರು, ಮಳೆಗಾಲದ ನದಿ ಪಾತಾಳ ಅಂತ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಮುಠಾ ದಡದ ಸೀಮೆಗಳಿಗೆ ಬಾಗಿಲು ಹಾಕಿದೆ. ಯಾರ ಕೈಯಲ್ಲಿತ್ತೋ ಅವರ ಕೈಯಲ್ಲೇ ಇರುತ್ತದೆ. ಮೇ ಕೊನೆಯ ವಾರ ನದಿ ದಡದಲ್ಲಿ ನಡೆಯುವ ಯುದ್ಧ ಅದಕ್ಕೇ ಜೋರು.

ಈಗ ಸ್ವಲ್ಪ ಗಂಭೀರವಾದ ವಿಷಯ. ಪುಣೆಯಂಥ ಊರಿನಲ್ಲಿ ಡಬ್ಬಿ ಇಡುವುದು ತಮಾಷೆಯ ಮಾತಲ್ಲ. 2010ರ ಫೆಬ್ರವರಿ 13ರಂದು ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಸ್ಫೋಟ ಆಯಿತು. 2012ರ ಆಗಸ್ಟ್ 1ರಂದು ಜಂಗಲಿ ಮಹಾರಾಜ್ ರಸ್ತೆಯಲ್ಲಿ ಸಾಲು ಸ್ಫೋಟ. ಆಗ ಇಲ್ಲಿದ್ದವರಿಗೆ ಆ ಸಂಜೆಗಳು ಮರೆಯುವುದಿಲ್ಲ. ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ಹೇಳಿ ಅಂತ ನಾವೆಲ್ಲ ಸ್ಟೇಷನ್ನಿನಲ್ಲಿ ಕೇಳಿಕೊಂಡೇ ಬದುಕುತ್ತಿದ್ದೇವೆ. ಅದೇ ಊರಿನಲ್ಲಿ ನೀವು ಬೆಂಚಿನ ಕೆಳಗೆ ಟೇಪು ಸುತ್ತಿದ ಡಬ್ಬಿ ಅಂಟಿಸಿ, ಅದು ಆಟ ಅಂದರೆ ಯಾರು ನಂಬುತ್ತಾರೆ? ಹೊರದೇಶದಲ್ಲೂ ಇದು ಆಗಿದೆ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಎಂಬ ಊರಿನಲ್ಲಿ ಒಂದು ಜಿಯೋಕ್ಯಾಶನ್ನು ಬಾಂಬ್ ಅಂದುಕೊಂಡು ಸೇನೆಯ ದಳ ಬಂದು ಸಿಡಿಸಿತು. ಜಿಯೋಕ್ಯಾಶಿಂಗಿನ ನಿಯಮಗಳು ಕೂಡ ಶಾಲೆ, ಹೆದ್ದಾರಿ ಸೇತುವೆ, ವಿಮಾನ ನಿಲ್ದಾಣ, ಅಣೆಕಟ್ಟು, ಸೇನೆಯ ಜಾಗಗಳ ಹತ್ತಿರ ಡಬ್ಬಿ ಬೇಡ ಅನ್ನುತ್ತವೆ.

ಪುಣೆಯ ನಕ್ಷೆಯಿಂದ ಇವನ್ನೆಲ್ಲ ತೆಗೆದು ನೋಡಿ. ಕ್ಯಾಂಪ್, ಖಡಕಿ, ದೇಹು ರೋಡ್, ಮೂರು ಕಂಟೋನ್ಮೆಂಟ್. ಮೇಲೆ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ ಅಕಾಡೆಮಿ. ವಿಮಾನ ನಿಲ್ದಾಣ ವಾಯುಪಡೆಯದ್ದು. ದೊಡ್ಡ ದೊಡ್ಡ ತೂತು ಬೀಳುತ್ತದೆ. ನಮ್ಮ ನಕ್ಷೆಯಲ್ಲಿ ಅಲ್ಲೆಲ್ಲ "ದಿಗ್ಬಂಧನ" ಅಂತ ಬರೆದಿದ್ದೇವೆ. ಮಂತ್ರ ಹಾಕಿ ಕಟ್ಟಿದ ನೆಲ. ಯಾವ ಪಕ್ಷದವರೂ ಕಾಲಿಡುವ ಹಾಗಿಲ್ಲ. ಮಕ್ಕಳಿಗೆ ಈ ಮಾತು ಎಷ್ಟು ಇಷ್ಟ ಅಂದರೆ, ಕ್ಯಾಂಪಿಗೆ ಬಟ್ಟೆ ತರಲು ಹೊರಟರೂ ದಿಗ್ಬಂಧನಕ್ಕೆ ಹೋಗುತ್ತಿದ್ದೇವೆ ಅನ್ನುತ್ತಾರೆ.

ಜನ ಓಡಾಡುವ ಕಡೆ ನಮ್ಮ ಡಬ್ಬಿ ಬಚ್ಚಿಡುವುದೇ ಇಲ್ಲ. ಅದಕ್ಕೆ ದ್ವಾರಪಾಲಕರಿದ್ದಾರೆ. ಒಂದು ಉಡುಪಿ ಹೋಟೆಲಿನ ಗಲ್ಲಾ, ಒಂದು ಕಿರಾಣಿ ಅಂಗಡಿ, ಒಂದು ಸೊಸೈಟಿಯ ವಾಚನಾಲಯ. ಡಬ್ಬಿ ಅವರ ಹತ್ತಿರವೇ ಇರುತ್ತದೆ. ನೀವು ಹೋಗಿ ಗುಟ್ಟಿನ ಮಾತು ಹೇಳಬೇಕು. ಡಬ್ಬಿ ಪಾರದರ್ಶಕ, ಮೇಲೆ "ಇದು ಆಟದ ಡಬ್ಬಿ" ಅಂತ ಮರಾಠಿ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಚೀಟಿ. ಹೋಟೆಲಿನ ಯಜಮಾನರು ಕುಂದಾಪುರದವರು. ದ್ವಾರಪಾಲಕ ಅಂದ ದಿನದಿಂದ ಅವರ ಗತ್ತೇ ಬೇರೆ. ಸರಿಯಾಗಿ ಗುಟ್ಟಿನ ಮಾತು ಹೇಳದಿದ್ದರೆ ಸ್ವಂತ ಭಾವನಿಗೂ ಡಬ್ಬಿ ಕೊಡಲಿಲ್ಲ.

ಇನ್ನು ಹಳೇ ಸ್ಮಾರಕಗಳು. ಅಲ್ಲಿ ಡಬ್ಬಿಯೂ ಇಲ್ಲ, ದ್ವಾರಪಾಲಕರೂ ಇಲ್ಲ. ಅಲ್ಲಿ ಇರುವುದು ಯಕ್ಷಪ್ರಶ್ನೆ. ಕೊಳದ ದಡದಲ್ಲಿ ಯಕ್ಷ ಕೇಳಿದ ಹಾಗೆ ನಾವೂ ಒಂದು ಪ್ರಶ್ನೆ ಕೇಳುತ್ತೇವೆ. ಉತ್ತರ ಆ ಜಾಗದಲ್ಲಿ ನಿಂತವರಿಗೆ ಮಾತ್ರ ಸಿಗಬೇಕು. ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ ಇದಕ್ಕೆ ಹೇಳಿ ಮಾಡಿಸಿದ ಜಾಗ. 8ನೇ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಮುಂದೆ ನಮ್ಮ ಮಳಖೇಡವನ್ನು ರಾಜಧಾನಿ ಮಾಡಿಕೊಂಡರಲ್ಲ, ಅದೇ ರಾಷ್ಟ್ರಕೂಟರು. ಬಂಡೆ ಕಡಿದು ಮಾಡಿದ ಗುಡಿ, ಎದುರಿಗೆ ದುಂಡನೆಯ ನಂದಿಮಂಟಪ, ಕೆಲಸ ಅರ್ಧಕ್ಕೇ ನಿಂತದ್ದು ಈಗಲೂ ಕಾಣುತ್ತದೆ. ಪುಣೆಗೆ ಬಂದು ಹದಿನೈದು ವರ್ಷವಾದರೂ ಅದರೊಳಗೆ ಕಾಲಿಡದ ಕನ್ನಡಿಗರು ನಮ್ಮ ತಂಡಗಳಲ್ಲೇ ಎಷ್ಟೋ ಜನ ಇದ್ದರು. ಉಳಿಯ ಗುರುತು ಎಲ್ಲಿಗೆ ನಿಲ್ಲುತ್ತದೆ ಅಂತ ಪ್ರಶ್ನೆ ಕೇಳಿದ ಮೇಲೆ ಗೋಡೆಗೆ ಮುಖ ಇಟ್ಟು ನೋಡಿದರು. ಪ್ರಶ್ನೆ ಮಾಡುವುದು ಕಷ್ಟದ ಕೆಲಸ. ಪರ್ವತಿಗೆ ಎಷ್ಟು ಮೆಟ್ಟಿಲು ಅಂತ ಕೇಳಿದರೆ ಯಾರೂ ಹತ್ತುವುದಿಲ್ಲ. 103 ಅಂತ ಫೋನು ಮನೆಯಲ್ಲೇ ಹೇಳಿಬಿಡುತ್ತದೆ.

ಇಷ್ಟರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಗಿಳಿ. ಏಳು ಸಮುದ್ರದಾಚೆ, ಮರದ ಪೊಟರೆಯಲ್ಲಿ, ಪಂಜರದ ಗಿಳಿಯೊಳಗೆ ರಾಕ್ಷಸನ ಪ್ರಾಣ ಇರುತ್ತದಲ್ಲ, ಅಜ್ಜಿ ಕಥೆಯಲ್ಲಿ? ಒಂದೊಂದು ರಾಜ್ಯಕ್ಕೂ ಒಂದು ಗಿಳಿ ಡಬ್ಬಿ. ಅದರ ಅಂಕಿಯನ್ನು ಯಾರಿಗೂ ಕೊಡುವುದಿಲ್ಲ. ಒಗಟಿನೊಳಗೆ ಬಚ್ಚಿಡುತ್ತಾರೆ. ಗಿಳಿ ಸಿಕ್ಕರೆ ಆ ರಾಜ್ಯ ಸಾಯುವುದಿಲ್ಲ. ಸತ್ತರೆ ಎಂಟು ಜನ ಆಟದ ಮಧ್ಯೆ ಮನೆಗೆ ಹೋಗಬೇಕಾಗುತ್ತದೆ, ಅದು ಕೆಟ್ಟ ಆಟ. ಬದಲಿಗೆ ಸುತ್ತು ಮುಗಿಯುವವರೆಗೆ ವಾರ ವಾರ ಕಪ್ಪ ಕೊಡಬೇಕು.

ಗಂಧರ್ವರು ಹೋದ ಸಲ ಮಾಡಿದ ಒಗಟು ನೋಡಿ. ಅವರಲ್ಲಿ ಇಬ್ಬರು ಸಂಗೀತ ಕಲಿತವರು. ಅವರು ಕೊಟ್ಟ ಸುಳಿವು ಇಷ್ಟೇ: "ಉತ್ತರಕ್ಕೆ ಧೀರಶಂಕರಾಭರಣ, ಪೂರ್ವಕ್ಕೆ ಕಾಮವರ್ಧಿನಿ." ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳ ಹೆಸರಿನಲ್ಲೇ ಅವುಗಳ ನಂಬರ್ ಅಡಗಿದೆ, ಕಟಪಯಾದಿ ಲೆಕ್ಕದಲ್ಲಿ. ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ. ಮೊದಲ ಎರಡು ಅಕ್ಷರ ತೆಗೆದುಕೊಂಡು ತಿರುವಿ ಬರೆಯಬೇಕು. ಧ ಅಂದರೆ 9, ರ ಅಂದರೆ 2, ತಿರುವಿದರೆ 29. ಕ ಅಂದರೆ 1, ಮ ಅಂದರೆ 5, ತಿರುವಿದರೆ 51. ಅಂದರೆ 18 ಡಿಗ್ರಿ 29 ಮಿನಿಟ್, 73 ಡಿಗ್ರಿ 51 ಮಿನಿಟ್. ಸ್ವಾರ್‌ಗೇಟಿನಿಂದ ದಕ್ಷಿಣದ ಭಾಗ. ದಶಾಂಶದ ಅಂಕಿಗಳಿಗೆ ಇನ್ನೂ ನಾಲ್ಕು ರಾಗ ಇದ್ದವು, ಅವನ್ನು ಇಲ್ಲಿ ಹೇಳಿದರೆ ನನ್ನನ್ನು ಹೊರಗೆ ಹಾಕುತ್ತಾರೆ. ದೈತ್ಯರ ತಂಡದಲ್ಲಿ ಬಹುಪಾಲು ಹುಬ್ಬಳ್ಳಿ, ಧಾರವಾಡದವರು. ಹಿಂದೂಸ್ತಾನಿ ಕೇಳಿ ಬೆಳೆದವರು. ಯಮನ್, ಭೈರವ್ ಅಂದರೆ ರಾತ್ರಿಯಿಡೀ ಹೇಳುತ್ತಾರೆ, ಇದು ಮಾತ್ರ ಬಗೆಹರಿಯಲಿಲ್ಲ. ಕೊನೆಗೆ ಒಬ್ಬರ ಮನೆಯ ಮೈಸೂರಿನ ಸೊಸೆ ಚಪಾತಿ ಲಟ್ಟಿಸುತ್ತಲೇ ಬಿಡಿಸಿಕೊಟ್ಟರಂತೆ. ಮಾರನೇ ದಿನದಿಂದ ಆಕೆಯೂ ದೈತ್ಯೆ.

ಮೋಸ ಇಲ್ಲವಾ ಅಂದರೆ, ಇದೆ. ಹೋಗದೇ ಹೋದೆ ಅನ್ನುವವರು ಎಲ್ಲ ಕಡೆಯೂ ಇದ್ದಾರೆ. ಅದಕ್ಕೇ ಪುಸ್ತಕದಲ್ಲಿ ರುಜು, ಜೊತೆಗೆ ಡಬ್ಬಿಯೊಳಗೆ ಬರೆದಿರುವ ಒಂದು ಪದ. ಪದ ಆಗಾಗ ಬದಲಾಗುತ್ತದೆ. ಇದಕ್ಕಿಂತ ಜಾಸ್ತಿ ಕಾವಲು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಗಂಧರ್ವರಿಗೆ ಬೇರೆ ಅಭಿಪ್ರಾಯ ಇದೆ. ಇನ್ನೊಂದು ಮಾತು. ಊರಿನಲ್ಲಿ ಬೇರೆಯವರು ಇಟ್ಟ ಜಿಯೋಕ್ಯಾಶ್‌ಗಳೂ ಇವೆ. ಅವನ್ನು ಹುಡುಕಿ, ಸಂತೋಷಪಡಿ, ರುಜು ಹಾಕಿ. ನಮ್ಮ ಯುದ್ಧಕ್ಕೆ ಅವನ್ನು ಎಳೆಯಬೇಡಿ. ಅವು ನಮ್ಮ ಸ್ವತ್ತಲ್ಲ.

ಪ್ರಶ್ನೆಗಳಿದ್ದರೆ ಕೇಳಿ.

ಖರ್ಚು ಎಷ್ಟು ಅಂತ ಒಬ್ಬರು ಕೇಳಿದರು. ಫೋನು ನಿಮ್ಮ ಹತ್ತಿರ ಇದೆ. ಡಬ್ಬಿ, ಪೆನ್ಸಿಲ್ಲಿನ ಖರ್ಚು ತಂಡದ್ದು. ಚಪ್ಪಲಿ ಬೇಡ, ಒಳ್ಳೆಯ ಶೂ ಇರಲಿ. ಟೇಕಡಿಯ ಮುಳ್ಳು ಚಪ್ಪಲಿಗೆ ಜಗ್ಗುವುದಿಲ್ಲ.

ಮಂಡಿ ನೋವಿನವರು ಆಡಬಹುದಾ ಅಂತ ಮುಂದಿನ ಸಾಲಿನ ಅಮ್ಮ ಕೇಳಿದ್ದಾರೆ. ಅಮ್ಮಾ, ದಾರಿಯ ಕಷ್ಟ ಒಂದು ಅಂತ ಇರುವ ಡಬ್ಬಿಗಳೆಲ್ಲ ನಿಮ್ಮಂಥವರಿಗೇ ಕಾಯುತ್ತಿರುತ್ತವೆ. ಯಾವ ತಂಡಕ್ಕೆ ಅಂತ ಈಗಲೇ ಹೇಳಬೇಡಿ, ಹಿಂದಿನ ಸಾಲಿನವರು ಹರಾಜು ಕೂಗುತ್ತಾರೆ.

ಪಿಂಪ್ರಿ ಕಡೆಯಿಂದ ಬಂದವರ ಪ್ರಶ್ನೆ ಹಳೆಯದು. ಐದನೇ ರಾಜ್ಯ ಕೊಡಿ, ಮುಳಾ ನದಿಯೇ ಗಡಿ ಆಗಲಿ ಅಂತ. ರಾಜ್ಯ ಕೊಡೋಣ, ಎಂಟು ಜನ ಕೂಡಿಸಿ ತನ್ನಿ. ಆದರೆ ದಾಪೋಡಿಯ ಹ್ಯಾರಿಸ್ ಸೇತುವೆ ಯಾರದ್ದು ಅಂತ ಜಗಳ ಬೇಡ. ಸೇತುವೆಯ ಮೇಲೂ ಕೆಳಗೂ ಡಬ್ಬಿ ಇಡುವ ಹಾಗಿಲ್ಲ, ಮೊದಲೇ ಹೇಳಿದೆನಲ್ಲ. ಅಲ್ಲಿ ದಿಗ್ಬಂಧನ. ಆಚೆ ದಡದಲ್ಲಿ ಒಬ್ಬ ಒಳ್ಳೆಯ ದ್ವಾರಪಾಲಕನನ್ನು ನೋಡಿ. ಚಹಾದ ಅಂಗಡಿಯಾದರೆ ಉತ್ತಮ, ಬೆಳಿಗ್ಗೆ ಬೇಗ ತೆಗೆಯುತ್ತಾರೆ.